ಪ್ರೊ-ಆ್ಯಮ್: ಫೋಟೊಗಿಂತ ಮೊದಲು ಮಾಹಿತಿ ಕೊಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಗಾಲ್ಫ್ ಟೂರ್ನಿ ನಡೆದಾಗ ಪ್ರೊ-ಆ್ಯಮ್ (ವೃತ್ತಿಪರರೂ ಹವ್ಯಾಸಿಗಳೂ ಒಂದೇ ತಂಡದಲ್ಲಿ ಆಡುವ ಪಂದ್ಯ) ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಬಹುಮಾನ ಹಿಡಿದು ನಿಂತವರ ಫೋಟೊ, ಅದೂ ಎಲ್ಲ ಮುಗಿದ ಮೇಲೆ. 2021ರಲ್ಲಿ ನಮ್ಮ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದಾಗ ಎಷ್ಟೋ ಮನೆಗಳು ಬೆಳಿಗ್ಗೆಯೇ ಟಿ.ವಿ. ಹಾಕಿದ್ದವು. ಅಂಥ ಆಟವನ್ನು ತೀರಾ ಹತ್ತಿರದಿಂದ ನೋಡಲು ಪ್ರೊ-ಆ್ಯಮ್‌ಗಿಂತ ಒಳ್ಳೆಯ ದಿನವಿಲ್ಲ. ಹೊರಗಿನವರಿಗೆ ಪ್ರವೇಶವಿದೆಯೇ, ಎಷ್ಟು ಹೊತ್ತಿಗೆ ಆರಂಭ, ಯಾವ ಮಾದರಿಯ ಆಟ ಎಂಬುದನ್ನು ಹಿಂದಿನ ದಿನವೇ ಪ್ರಕಟಿಸಿ ಎಂದು ಕೋರುತ್ತೇನೆ.

ಸಾಮಾನ್ಯವಾಗಿ ಒಬ್ಬ ವೃತ್ತಿಪರ, ಮೂವರು ಹವ್ಯಾಸಿಗಳು ಸೇರಿ ಒಂದು ತಂಡ. ಹೆಚ್ಚಾಗಿ ‘ಶಾಟ್‌ಗನ್’ ಆರಂಭ, ಅಂದರೆ ಎಲ್ಲ ತಂಡಗಳೂ ಏಕಕಾಲಕ್ಕೆ ಬೇರೆ ಬೇರೆ ಹೋಲ್‌ಗಳಿಂದ ಹೊರಡುತ್ತವೆ. ಇದು ತಿಳಿಯದೆ ಮೊದಲ ಟೀ (ಹೋಲ್‌ನ ಆರಂಭದ ಹೊಡೆತ ಹೊಡೆಯುವ ಜಾಗ) ಬಳಿ ಕಾದು ನಿಂತು ನಿರಾಶರಾಗುವವರೇ ಜಾಸ್ತಿ. ತಂಡಗಳ ಪಟ್ಟಿಯಲ್ಲಿ ನೀವು ನೋಡಬೇಕಾದ ಆಟಗಾರನ ಹೆಸರಿನ ಮುಂದೆ 7ಎ ಎಂದಿದ್ದರೆ ನೇರ ಏಳನೇ ಟೀಗೆ ಹೋಗಿ. 7ಬಿ ಆದರೆ ಅದೇ ಟೀಯಿಂದ ಎರಡನೇ ಸರದಿ. 18 ಹೋಲ್‌ಗೆ ಐದು ಗಂಟೆ ಮೀರುವುದುಂಟು. ಹಾಗಾಗಿ ನೀರು, ಟೋಪಿ, ಚಪ್ಪಟೆ ಅಟ್ಟೆಯ ಶೂ ಇರಲಿ.

‘ಸ್ಕ್ರ್ಯಾಂಬಲ್’ ಮಾದರಿಯಲ್ಲಿ ನಾಲ್ವರೂ ಹೊಡೆದು, ಚೆನ್ನಾಗಿ ಬಿದ್ದ ಒಂದು ಚೆಂಡನ್ನು ಆರಿಸಿ, ಮುಂದಿನ ಹೊಡೆತವನ್ನು ಎಲ್ಲರೂ ಅಲ್ಲಿಂದಲೇ ಹೊಡೆಯುತ್ತಾರೆ. ‘ಸ್ಟೇಬಲ್‌ಫೋರ್ಡ್’ ಆದರೆ ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ) ಕಳೆದು ಬೋಗಿಗೆ (ಪಾರ್‌ಗಿಂತ ಒಂದು ಹೊಡೆತ ಹೆಚ್ಚು) 1, ಪಾರ್‌ಗೆ (ಆ ಹೋಲ್‌ಗೆ ನಿಗದಿಯಾದ ಹೊಡೆತಗಳು) 2, ಬರ್ಡಿಗೆ (ಪಾರ್‌ಗಿಂತ ಒಂದು ಕಡಿಮೆ) 3 ಅಂಕ. ಅಂಕ ಬರುವಂತಿಲ್ಲ ಎಂದಾದಾಗ ಹವ್ಯಾಸಿ ಚೆಂಡು ಎತ್ತಿಕೊಳ್ಳುತ್ತಾನೆ. ಆಟ ತಡವಾಗಬಾರದೆಂದು ಹಾಗೆ ಮಾಡುತ್ತಾರೆ.

ಎಲ್ಲಿ ನಿಲ್ಲಬೇಕು ಎಂಬುದು ಬಹಳ ಮುಖ್ಯ. ಬಲಗೈ ಹವ್ಯಾಸಿಯ ಡ್ರೈವ್ (ಟೀಯಿಂದ ಹೊಡೆಯುವ ಉದ್ದನೆಯ ಹೊಡೆತ) ಸಾಮಾನ್ಯವಾಗಿ ಬಲಕ್ಕೆ ತಿರುಗುತ್ತದೆ, ಏಕೆಂದರೆ ಚೆಂಡಿಗೆ ತಾಗುವಾಗ ಕ್ಲಬ್ಬಿನ (ಹೊಡೆಯುವ ಕೋಲಿನ) ಮುಖ ಸ್ವಿಂಗ್ ಸಾಗುವ ದಾರಿಗಿಂತ ಬಲಕ್ಕೆ ತೆರೆದಿರುತ್ತದೆ. ಹಾಗಾಗಿ ಟೀಯಿಂದ 150–200 ಮೀಟರ್ ಮುಂದೆ, ಫೇರ್‌ವೇಯ (ಹುಲ್ಲು ಕತ್ತರಿಸಿದ ಆಟದ ದಾರಿಯ) ಬಲಬದಿಯಲ್ಲಿ ನಿಲ್ಲಲೇಬೇಡಿ. ಹತ್ತಿರ ಹತ್ತಿರ 46 ಗ್ರಾಂ ತೂಗುವ ಗಟ್ಟಿ ಚೆಂಡದು. ಟೀಯ ಹಿಂದೆ ಓರೆಯಾಗಿ ನಿಂತು, ನಾಲ್ವರೂ ಹೊಡೆದಾದ ಮೇಲೆ ನಡೆಯಿರಿ. ‘ಫೋರ್!’ ಎಂಬ ಎಚ್ಚರಿಕೆಯ ಕೂಗು ಕೇಳಿದರೆ ಚೆಂಡು ಎಲ್ಲಿದೆ ಎಂದು ಮೇಲೆ ನೋಡುವ ಬದಲು ಕುಕ್ಕರಿಸಿ ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳಿ.

ಕಲಿಯುವವರು ಕಿತ್ತ ಹುಲ್ಲಿನ ಗುರುತನ್ನು ನೋಡಬೇಕು. ಐರನ್ (ಚಪ್ಪಟೆ ಲೋಹದ ತಲೆಯ ಕ್ಲಬ್) ಹೊಡೆತದಲ್ಲಿ ವೃತ್ತಿಪರನ ಕ್ಲಬ್ ಮೊದಲು ಚೆಂಡಿಗೆ, ಆಮೇಲೆ ನೆಲಕ್ಕೆ ತಾಗುವುದರಿಂದ ಗುರುತು ಚೆಂಡಿದ್ದ ಜಾಗದ ಮುಂದೆ ಶುರುವಾಗುತ್ತದೆ. ಹವ್ಯಾಸಿಯದು ಹಿಂದೆಯೇ ಶುರುವಾಗಿ ಚೆಂಡು ಅರ್ಧಕ್ಕೆ ಬೀಳುತ್ತದೆ. ಟಿ.ವಿ.ಯಲ್ಲಿ ಇದು ಕಾಣುವುದೇ ಅಪರೂಪ. ಕರಾವಳಿಯಿಂದ ಬಂದ ಆಟಗಾರ ಕ್ಯಾಡಿಯ (ಕ್ಲಬ್‌ಗಳ ಚೀಲ ಹೊರುವ ಸಹಾಯಕನ) ಜೊತೆ ದೂರದ ಲೆಕ್ಕ ಹಾಕುವುದನ್ನೂ ಕಿವಿಗೊಟ್ಟು ಕೇಳಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತೆಳು ಗಾಳಿಯಲ್ಲಿ ಚೆಂಡು ನೂರಕ್ಕೆ ಮೂರು–ನಾಲ್ಕು ಪಾಲು ಹೆಚ್ಚು ಹೋಗುತ್ತದೆ. ಅಂದರೆ 150 ಮೀಟರ್‌ಗೆ ಐದು ಮೀಟರ್, ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ದಾಟಿ ಹಿಂದಿನ ಬಂಕರ್‌ಗೆ (ಮರಳಿನ ಗುಂಡಿಗೆ) ಬೀಳಲು ಅಷ್ಟು ಸಾಕು.

ಟೂರ್ನಿಗೆ ಮೊದಲು ನಡೆಯುವ ಪ್ರೊ-ಆ್ಯಮ್ ಆದರೆ, ತಂಡದ ಆಟ ಮುಗಿದ ಮೇಲೂ ಗ್ರೀನ್ ಪಕ್ಕದಲ್ಲೇ ಇರಿ. ವೃತ್ತಿಪರ ಕುಳಿಯೇ ಇಲ್ಲದ ಮೂಲೆಗಳತ್ತ ಪಟ್ ಮಾಡುತ್ತಾನೆ (ಚೆಂಡನ್ನು ಮೆಲ್ಲಗೆ ಉರುಳಿಸುತ್ತಾನೆ), ಕ್ಯಾಡಿ ಇಳಿಜಾರು ಬರೆದುಕೊಳ್ಳುತ್ತಾನೆ. ಮುಂದಿನ ದಿನಗಳಲ್ಲಿ ಕುಳಿ ತೋಡಬಹುದಾದ ಜಾಗಗಳವು. ಆಗ ಮೊಬೈಲ್ ಸದ್ದು ಬಂದ್ ಇರಲಿ, ನಿಮ್ಮ ನೆರಳು ಪಟ್‌ನ ದಾರಿಗೆ ಬೀಳದಿರಲಿ. ಹಸ್ತಾಕ್ಷರ ಬೇಕೆನ್ನುವವರು ಸ್ಕೋರ್‌ಕಾರ್ಡ್‌ಗೆ ಸಹಿ ಆಗುವವರೆಗೆ ಕಾಯಬೇಕು.

ಸಂಘಟಕರೂ ನಡೆಯಬಹುದಾದ ದಾರಿ ಗುರುತಿಸಿದ ಕೋರ್ಸಿನ ನಕ್ಷೆಯನ್ನು ಗೇಟಿನಲ್ಲೇ ಕೊಡಲಿ.

– ಗಾಲ್ಫ್ ಪ್ರೇಮಿ ಓದುಗ, ಬೆಂಗಳೂರು