ಭಾನುವಾರ ರಾಸಾಯನಿಕ ಬಂಧದ ಪಾಠ

ಎಲ್ಲರಿಗೂ ನಮಸ್ಕಾರ. ಇದು ಹತ್ತನೇ ತರಗತಿಯವರಿಗೆ ಮಾತ್ರ. ಭಾನುವಾರ ಬೆಳಿಗ್ಗೆ 10ಕ್ಕೆ ಉಡುಪಿ ಕಲ್ಸಂಕದ ನಮ್ಮ ಟ್ಯೂಷನ್ ಕೋಣೆಗೆ ಬನ್ನಿ.

ಉಪ್ಪುನೀರು, ಸಕ್ಕರೆನೀರು ಎರಡರಲ್ಲೂ ಎಲ್‌ಇಡಿ ಉರಿಯುತ್ತಾ ನೋಡೋಣ. ಉಪ್ಪಿನಲ್ಲಿ ಸೋಡಿಯಂ ತನ್ನ ಹೊರಕವಚದ 1 ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಡುತ್ತದೆ. ಹಾಗಾಗಿ ಉಪ್ಪಿನಲ್ಲಿರುವುದು ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು. ನೀರಿನಲ್ಲಿ ಅವು ಬಿಡಿಯಾಗಿ ಓಡಾಡುತ್ತವೆ, ಕರೆಂಟ್ ಹರಿಯುತ್ತದೆ. ಸಕ್ಕರೆಯಲ್ಲಿ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡಿವೆ. ಕರಗಿದರೂ ಅಣು ಒಡೆದು ಅಯಾನುಗಳಾಗುವುದಿಲ್ಲ, ಹಾಗಾಗಿ ಕರೆಂಟ್ ಹರಿಯುವುದಿಲ್ಲ. ಮಕ್ಕಳು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ ಅಲ್ವಾ?

ಒಂದು 9 ವೋಲ್ಟ್ ಬ್ಯಾಟರಿ, ನೋಟ್‌ಬುಕ್ ತನ್ನಿ. ವಯರ್, ಎಲ್‌ಇಡಿ ನನ್ನಲ್ಲಿವೆ. ಮನೆಯಲ್ಲಿ ಸುಮ್ನೆ ಮೊದಲೇ ಮಾಡಿ ನೋಡಬೇಡಿ. ಉಪ್ಪುನೀರಿನಿಂದ ಕ್ಲೋರಿನ್ ಅನಿಲ ಬರಬಹುದು. ಪ್ಲಗ್ಗಿನ ಕರೆಂಟಂತೂ ಬೇಡವೇ ಬೇಡ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೇನೆ’ ಅಂತ ಹಾಕಿ.