ಗೆಳೆಯನಿಗೊಂದು ಪತ್ರ: ಕೊಡೆ ಕಡ್ಡಿಯ ವಾದ್ಯ

ಪ್ರೀತಿಯ ಗುಂಡ,

ಗಿಟಾರ್ ಸತ್ತು ಹೋಯಿತು ಮಾರಾಯ. ಮೊದಲು ಆ ಸುದ್ದಿ ಹೇಳಿಬಿಡುತ್ತೇನೆ. ಚಿಕ್ಕಪ್ಪನ ಮಗ ಕೊಟ್ಟಿದ್ದ ಹಳೇದು. ನೀನು ಮೈಸೂರಿಗೆ ಹೋಗುವ ಹಿಂದಿನ ದಿನ ನಮ್ಮ ಜಗಲಿಯಲ್ಲಿ ಕೂತು, ಬರುವುದು ಎರಡೇ ಕಾರ್ಡ್ ಆದರೂ ದೊಡ್ಡ ಕಲಾವಿದನ ಹಾಗೆ ಕಣ್ಣು ಮುಚ್ಚಿಕೊಂಡು ಬಾರಿಸಿದ್ದೆಯಲ್ಲ, ಅದೇ. ಜೂನ್ ಕೊನೆಗೆ ತಂತಿಗೆ ತುಕ್ಕು ಬಂತು. ಜುಲೈನಲ್ಲಿ ಹೊಟ್ಟೆ ಉಬ್ಬಿತು. ಒಂದು ರಾತ್ರಿ ಎಲ್ಲರೂ ಮಲಗಿದ್ದಾಗ ಟಪ್ ಅಂತ ಸದ್ದು. ಅಜ್ಜಿ ‘ಇಲಿ’ ಅಂದರು. ಬೆಳಗ್ಗೆ ನೋಡಿದರೆ ತಂತಿ ಕಟ್ಟುವ ಬ್ರಿಡ್ಜೇ ಕಿತ್ತುಕೊಂಡು ಬಂದಿತ್ತು. ಫೆವಿಕಾಲ್ ಹಾಕಿ, ಮೇಲೆ ರುಬ್ಬುವ ಗುಂಡು ಇಟ್ಟು ನೋಡಿದೆ. ಈ ಮಳೆಯಲ್ಲಿ ಫೆವಿಕಾಲ್ ಒಣಗುವುದುಂಟಾ? ನಾಲ್ಕನೇ ದಿನವೂ ಮೊಸರಿನ ಹಾಗೇ ಇತ್ತು.

ತಪ್ಪು ಗಿಟಾರಿನದ್ದಲ್ಲ. ನಮ್ಮ ಕೊಡಗಿನ ಶಾಂತಳ್ಳಿ ಮಳೆ ನಿನಗೆ ಗೊತ್ತಲ್ಲ. ಪುಷ್ಪಗಿರಿ ಬೆಟ್ಟದ ಮುಖ ನೋಡದೆ ಒಂದೂವರೆ ತಿಂಗಳಾಯಿತು. ಬೆಲ್ಟಿಗೆ ಬೂಷ್ಟು, ಶೂಗೆ ಬೂಷ್ಟು, ಬೀರುವಿನಲ್ಲಿಟ್ಟ ಅಪ್ಪನ ಮದುವೆ ಕೋಟಿಗೂ ಬೂಷ್ಟು. ಕಾಲೇಜಿನ ಪ್ಯಾಂಟನ್ನು ಒಲೆ ಮೇಲೆ ಹೊಗೆಯಲ್ಲಿ ಒಣಗಿಸಿ ಹಾಕಿಕೊಂಡು ಹೋಗುತ್ತೇನೆ. ಬಸ್ಸಲ್ಲಿ ಎಲ್ಲರೂ ಒಂದೇ ವಾಸನೆ ಆದ್ದರಿಂದ ಯಾರಿಗೂ ಬೇಜಾರಿಲ್ಲ.

ಗಿಟಾರ್ ಹೋದ ವಾರವೇ ಕರೆಂಟೂ ಹೋಯಿತು. ಲೈನ್ ಮೇಲೆ ಸಿಲ್ವರ್ ಓಕ್ ಮರ ಬಿತ್ತು, ನಾಲ್ಕು ದಿನ ಕತ್ತಲೆ. ಮನೆಯಲ್ಲಿ ಮಾತಾಡುತ್ತಿದ್ದದ್ದು ಅಜ್ಜನ ರೇಡಿಯೊ ಒಂದೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗಲೂ ಹಾಗೇ ಇತ್ತು, ನೆನಪಿದೆಯಾ? ಆಗ ನಾವು ಸಣ್ಣವರು. ಅಜ್ಜ ಅದನ್ನು ಕಿವಿಗೆ ಒತ್ತಿಕೊಂಡು 103.1ರಲ್ಲಿ ಮಡಿಕೇರಿ ಆಕಾಶವಾಣಿ ಕೇಳುತ್ತಾ, ಯಾವ ರಸ್ತೆ ಬಂದ್ ಅಂತ ಹೊರಗೆ ನಿಂತವರಿಗೆಲ್ಲ ಕೂಗಿ ಹೇಳುತ್ತಿದ್ದರು. ಈಗ ಅಜ್ಜ ಇಲ್ಲ. ರೇಡಿಯೊದ ತಿರುಪು ಮುರಿದು ಹೋಗಿತ್ತು, ಇಕ್ಕಳದಲ್ಲಿ ತಿರುಗಿಸುತ್ತಿದ್ದೆವು. ಆ ನಾಲ್ಕು ದಿನದಲ್ಲಿ ಒಂದು ಕಾಫಿ ಬೊಡ್ಡೆಯ ತುಂಡು ತಗೊಂಡು ಹೊಸ ತಿರುಪು ಕೆತ್ತಿದೆ. ಕಾಫಿ ಮರ ಎಷ್ಟು ಗಟ್ಟಿ ಅಂತ ಕತ್ತಿ ಹಿಡಿದಾಗಲೇ ಗೊತ್ತಾಗುವುದು. ಗೋಲಿಯಷ್ಟು ದೊಡ್ಡದು ಕೆತ್ತಲು ಒಂದು ಇಡೀ ಮಧ್ಯಾಹ್ನ ಹೋಯಿತು. ಆದರೆ ಉಜ್ಜಿದ ಮೇಲೆ ದಂತದ ಹಾಗೆ ನುಣುಪು. ಅಜ್ಜಿ ಅದನ್ನು ಸುಮ್ನೆ ಸುಮ್ನೆ ತಿರುಗಿಸುತ್ತಾ ಕೂರುತ್ತಾರೆ. ಸ್ಟೇಷನ್ ಸಿಕ್ಕಿದರೂ ಬಿಡುವುದಿಲ್ಲ. ಅರೆಭಾಷೆ ಕಾರ್ಯಕ್ರಮದ ನಡುವೆ ಕರಕರ, ಹಾಡಿನ ನಡುವೆ ಕರಕರ.

ನನಗೆ ಹುಚ್ಚು ಹತ್ತಿದ್ದು ಅಲ್ಲಿಂದ. ಆಮೇಲೆ ಕೈ ಸುಮ್ಮನಿರಲಿಲ್ಲ.

ಎರಡನೆಯದು ಬಿದಿರಿನ ಸ್ಪೀಕರ್. ಇದು ನೀನೂ ಹಾಸ್ಟೆಲ್‌ನಲ್ಲಿ ಮಾಡಬಹುದು. ಬೇಲಿ ಬಿದಿರಿನಲ್ಲಿ ಒಂದಡಿ ಉದ್ದದ ತುಂಡು ಕಡಿದು, ಒಳಗಿನ ಗಂಟು ಒಡೆದು ಎರಡೂ ಕಡೆ ಬಾಯಿ ಬಿಡಿಸಿದೆ. ನಡುವೆ ಫೋನಿನ ಬುಡ ಕೂರುವಷ್ಟು ಸೀಳು. ಅಷ್ಟೇ. ಹಾಡು ಹಾಕಿ ಫೋನನ್ನು ಅದರಲ್ಲಿ ನಿಲ್ಲಿಸಿದರೆ, ಸುಮ್ಮನೆ ಚದುರಿ ಹೋಗುತ್ತಿದ್ದ ಸದ್ದು ಕೊಳವೆಯೊಳಗೆ ಮೊಳಗಿ ಎರಡೂ ಬಾಯಿಂದ ಹೊರಗೆ ಬರುತ್ತದೆ. ಕರೆಂಟ್ ಬೇಡ, ಬ್ಲೂಟೂತ್ ಬೇಡ. ಬೇಸ್ ಮಾತ್ರ ಕೇಳಬೇಡ, ಬರುವುದಿಲ್ಲ. ಸೀಳನ್ನು ಮೊದಲ ಸಲ ಅಗಲ ಕೊರೆದು ಫೋನ್ ಸೀದಾ ಒಳಗೆ ಬಿತ್ತು. ಹಾಡು ಬಿದಿರಿನ ಹೊಟ್ಟೆಯೊಳಗಿಂದ ಬರುತ್ತಿತ್ತು, ಅಮ್ಮನಿಗೆ ನಗು ತಡೆಯಲಾಗಲಿಲ್ಲ.

ಹಸಿ ಬಿದಿರಿಗೆ ಕುಟ್ಟೆ ಹುಳ ಬರುತ್ತದೆ ಅಂತ ಅಜ್ಜಿ ಅದನ್ನು ಒಲೆ ಮೇಲೆ ಹದಿನೈದು ದಿನ ತೂಗು ಹಾಕಿಸಿದರು. ಈಗ ಅದರ ಬಣ್ಣ ಬೆಲ್ಲದ ಪಾಕದ ಹಾಗಿದೆ. ಹಾಡು ಕೇಳುವಾಗ ಹೊಗೆ ವಾಸನೆಯೂ ಬರುತ್ತದೆ, ಅದು ಫ್ರೀ.

ತಂಗಿಯೂ ಸುಮ್ಮನೆ ಕೂರಲಿಲ್ಲ. ಪಿಂಗಾಣಿ ಬಟ್ಟಲಿಗೆ ನೀರು ತುಂಬಿ ಜಲತರಂಗ ಮಾಡುತ್ತೇನೆ ಅಂತ ಹೊರಟಳು. ನೀರು ಜಾಸ್ತಿ ಹಾಕಿದಷ್ಟೂ ಸ್ವರ ಕೆಳಗೆ ಹೋಗುತ್ತದೆ. ಅದೇ ಬಾಟಲಿ ಬಾಯಿಗೆ ಊದಿದರೆ ಉಲ್ಟಾ, ನೀರು ಜಾಸ್ತಿ ಆದಷ್ಟೂ ಸ್ವರ ಮೇಲೆ. ಬಡಿದಾಗ ನಡುಗುವುದು ಪಾತ್ರೆ, ಊದಿದಾಗ ನಡುಗುವುದು ಒಳಗಿನ ಗಾಳಿ. ಇದನ್ನು ಅವಳಿಗೆ ದೊಡ್ಡ ಪಂಡಿತನ ಹಾಗೆ ವಿವರಿಸುವಷ್ಟರಲ್ಲಿ ಅಮ್ಮನ ಒಂದು ಬಟ್ಟಲು ಚೂರಾಯಿತು. ಜಲತರಂಗ ಮುಗಿಯಿತು.

ಈಗ ಮುಖ್ಯ ವಿಷಯ.

ಹಾಡು ಕೇಳಲು ಏನೋ ಒಂದು ಆಯಿತು. ಆದರೆ ಬಾರಿಸಲು ಕೈಯಲ್ಲಿ ಏನೂ ಇರಲಿಲ್ಲ. ಒಂದು ಸೋಮವಾರ ಸೋಮವಾರಪೇಟೆ ಸಂತೆಗೆ ಹೋಗಿದ್ದಾಗ ಅಲ್ಲಿ ಕೊಡೆ ರಿಪೇರಿ ಮಾಡುವವರು ಕೂತಿದ್ದರು. ಮಳೆಗಾಲಕ್ಕೆ ಬರುತ್ತಾರಲ್ಲ, ಪ್ಲಾಸ್ಟಿಕ್ ಹೊದ್ದು, ಸುತ್ತಲೂ ಕೊಡೆಗಳ ಅಸ್ಥಿಪಂಜರ ಹರಡಿಕೊಂಡು. ಅಮ್ಮನ ಕೊಡೆ ಸರಿಮಾಡಿಸುತ್ತಾ ನಿಂತಿದ್ದೆ. ಅವರು ಒಂದು ಹಳೇ ಕಡ್ಡಿಯನ್ನು ಬಗ್ಗಿಸಿ ಬಿಟ್ಟರು. ಡಿಂಯ್ ಅಂತು! ಆ ಗದ್ದಲದಲ್ಲೂ, ಮೆಣಸಿನಕಾಯಿ ಮಾರುವವರ ಕೂಗಿನ ನಡುವೆಯೂ ಕೇಳಿಸಿತು. ‘ಅಣ್ಣ, ಇನ್ನೊಂದು ಸಲ ಮಾಡಿ’ ಅಂದೆ. ಅವರು ನನ್ನ ಮುಖ ನೋಡಿದರು.

ಫೋನಲ್ಲಿ ಕಾಲಿಂಬ ನೋಡಿದ್ದೀಯಲ್ಲ, ಹೆಬ್ಬೆರಳಲ್ಲಿ ಮೀಟುವ ಆಫ್ರಿಕಾದ ವಾದ್ಯ? ಹಲಗೆ ಮೇಲೆ ಉಕ್ಕಿನ ನಾಲಗೆಗಳು ಸಾಲಾಗಿ ಇರುತ್ತವೆ. ಅದಕ್ಕೆ ಕೊಡೆ ಕಡ್ಡಿ ಸಾಕು ಅಂತ ಆಗಲೇ ಹೊಳೆಯಿತು. ಆದರೆ ಈಗಿನ ಮಡಚುವ ಕೊಡೆಯ ಕಡ್ಡಿ ಪ್ರಯೋಜನಕ್ಕಿಲ್ಲ. ಹೆಚ್ಚಾಗಿ ಅಲ್ಯೂಮಿನಿಯಂ, ಬಗ್ಗಿಸಿದರೆ ಬಗ್ಗಿದಲ್ಲೇ ಇರುತ್ತದೆ. ಹಳೇ ಕಾಲದ ಉದ್ದ ಕಪ್ಪು ಕೊಡೆಯ ಉಕ್ಕಿನ ಕಡ್ಡಿಯೇ ಆಗಬೇಕು. ಅವರ ಹತ್ತಿರ ಅಂಥದ್ದು ಇದ್ದದ್ದು ಎರಡೇ ತುಂಡು, ಒಂದೊಂದೂ ಒಂದೂವರೆ ಅಡಿ. ‘ಹಳೇ ಮಾಲು, ಈಗ ಸಿಗಲ್ಲ’ ಅಂತ ಹೇಳಿ ಹತ್ತು ರೂಪಾಯಿ ತಗೊಂಡರು. ಅಮ್ಮನಿಗೆ ಬಾಳೆಹಣ್ಣಿನ ರೇಟ್ ಜಾಸ್ತಿ ಆಗಿದೆ ಅಂದೆ. ಇದನ್ನು ಓದಿ ಅಮ್ಮನಿಗೆ ಫೋನ್ ಮಾಡಬೇಡ.

ಒಂದರಲ್ಲಿ ನಾಲ್ಕು, ಎರಡರಲ್ಲಿ ಎಂಟು ತುಂಡು. ಕೊಡೆ ಕಡ್ಡಿ ಒಳಗೆ ಚರಂಡಿ ಹಾಗೆ ಗುಳಿ ಇರುತ್ತದೆ, ಅದನ್ನು ಚಪ್ಪಟೆ ಮಾಡಬೇಕು. ಗುದ್ದಲಿ ಬೆನ್ನಿನ ಮೇಲಿಟ್ಟು ಸುತ್ತಿಗೆಯಲ್ಲಿ ಕುಟ್ಟಿದೆ. ಹಲಗೆಗೆ ಬಾಗಿಲ ಚೌಕಟ್ಟು ಮಾಡಿಸಿದಾಗ ಉಳಿದಿದ್ದ ಹಲಸಿನ ತುಂಡು. ವೀಣೆಯನ್ನೂ ಹಲಸಿನ ಮರದಲ್ಲೇ ಮಾಡುತ್ತಾರೆ, ಗೊತ್ತಾ? ನನ್ನದು ವೀಣೆಯ ಬಡ ನೆಂಟ. ಹಲಗೆ ಮೇಲೆ ಅಡ್ಡಕ್ಕೆ ಎರಡು ದಿಂಡು, ಹಿಂದಿನದು ಮರ, ಮುಂದಿನದು ಸೈಕಲ್ ಕಡ್ಡಿ. ಅವುಗಳ ಮೇಲೆ ನಾಲಗೆಗಳನ್ನು ಜೋಡಿಸಿ, ಎರಡರ ಮಧ್ಯೆ ಇನ್ನೊಂದು ಸೈಕಲ್ ಕಡ್ಡಿಯನ್ನು ಮೇಲಿನಿಂದ ಸ್ಕ್ರೂ ಹಾಕಿ ಬಿಗಿಯಬೇಕು. ಬಿಗಿ ಕಮ್ಮಿ ಆದರೆ ಜಿರ್ರ್ ಅನ್ನುತ್ತದೆ, ಜಾಸ್ತಿ ಆದರೆ ಶ್ರುತಿ ಮಾಡಲು ನಾಲಗೆ ಅಲ್ಲಾಡುವುದೇ ಇಲ್ಲ. ನನ್ನ ಎಡಗೈ ಹೆಬ್ಬೆರಳಿನ ಉಗುರು ಈಗ ನೇರಳೆ ಬಣ್ಣದಲ್ಲಿದೆ, ಸುತ್ತಿಗೆಯ ಪ್ರಸಾದ.

ಎಡವಟ್ಟಾಗಿದ್ದು ಎಲ್ಲಿ ಕೇಳು. ಗಿಟಾರಲ್ಲಿ ತಂತಿಯನ್ನು ಸರಿಯಾಗಿ ಅರ್ಧಕ್ಕೆ ಒತ್ತಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ ತಾನೇ? ಅದೇ ಲೆಕ್ಕ ಅಂದುಕೊಂಡು, ಮೇಲಿನ ‘ಸ’ ಬೇಕು ಅಂತ ಒಂದು ತುಂಡನ್ನು ಅರ್ಧಕ್ಕೆ ಕತ್ತರಿಸಿಬಿಟ್ಟೆ. ಮೀಟಿದರೆ ಟಿಕ್. ಅಷ್ಟೇ, ಹಲ್ಲಿ ಲೊಚಗುಟ್ಟಿದ ಹಾಗೆ. ಮಾರನೇ ದಿನ ಫಿಸಿಕ್ಸ್ ಲೆಕ್ಚರರನ್ನು ಕೇಳಿದೆ. ಅವರಿಗೆ ಎಷ್ಟು ಖುಷಿಯಾಯಿತು ಅಂದರೆ ಆ ಪೀರಿಯಡ್‌ನ ಪಾಠವೇ ಬಿಟ್ಟರು. ಎರಡೂ ತುದಿ ಕಟ್ಟಿದ ತಂತಿಯ ಲೆಕ್ಕ ಬೇರೆ, ಒಂದೇ ತುದಿ ಹಿಡಿದ ಪಟ್ಟಿಯ ಲೆಕ್ಕ ಬೇರೆಯಂತೆ. ತಂತಿ ಅರ್ಧವಾದರೆ ಕಂಪನ ಎರಡು ಪಟ್ಟು. ಪಟ್ಟಿ ಅರ್ಧವಾದರೆ ನಾಲ್ಕು ಪಟ್ಟು! ಅಂದರೆ ನಾನು ಒಂದು ಸ್ಥಾಯಿ ಅಲ್ಲ, ಎರಡು ಸ್ಥಾಯಿ ಮೇಲೆ ಹೋಗಿ ಕೂತಿದ್ದೆ. ನನ್ನ ಕೆಳಗಿನ ‘ಸ’ಗೆ ಹೊರಗೆ ಚಾಚಿದ ಭಾಗ 7 ಸೆಂಟಿಮೀಟರ್. ಮೇಲಿನ ‘ಸ’ಗೆ ಮೂರೂವರೆ ಅಲ್ಲ, ಹತ್ತಿರ ಹತ್ತಿರ 5 ಬೇಕಿತ್ತು. ಮನೆಗೆ ಬಂದು ಇನ್ನೊಂದು ತುಂಡಿಗೆ ಸ್ಕೇಲ್ ಇಟ್ಟು ನೋಡಿದೆ. 5ಕ್ಕೆ ಒಂದು ಗೆರೆ ಕಮ್ಮಿ. ಫೋನಿನ ಟ್ಯೂನರ್‌ನಲ್ಲಿ ಮುಳ್ಳು ಸರಿಯಾಗಿ ನಡುವೆ ಬಂದು ನಿಂತಿತು. ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದಾಗಲೂ ಹೀಗೆ ಕೂಗಿರಲಿಲ್ಲ (ಬಂದೇ ಇಲ್ಲ, ಆ ಮಾತು ಬೇರೆ).

ಕತ್ತರಿಸಿದ ತುಂಡು ಮಾತ್ರ ಕೆಟ್ಟಿತು. ಉಳಿದದ್ದು ಏಳು. ಮೋಹನ ರಾಗಕ್ಕೆ ಶ್ರುತಿ ಮಾಡಿದ್ದೇನೆ: ಸ ರಿ ಗ ಪ ದ, ಮೇಲಿನ ಸ, ಮೇಲಿನ ರಿ. ಮೋಹನದಲ್ಲಿ ಮ ಇಲ್ಲ, ನಿ ಇಲ್ಲ. ಹಾಗಾಗಿ ಯಾವ ಎರಡನ್ನು ಒಟ್ಟಿಗೆ ಮೀಟಿದರೂ ಜಗಳ ಆಡುವುದಿಲ್ಲ. ನನ್ನಂಥವನಿಗೆ ಹೇಳಿ ಮಾಡಿಸಿದ ರಾಗ. ಹಲಗೆಯನ್ನು ಹಾಗೇ ಕೈಯಲ್ಲಿ ಹಿಡಿದರೆ ಸದ್ದು ಸಣ್ಣದು, ಖಾಲಿ ಬಿಸ್ಕತ್ ಡಬ್ಬದ ಮೇಲಿಟ್ಟರೆ ಇಡೀ ಜಗಲಿ ತುಂಬುತ್ತದೆ. ಸಂಜೆ ಮಳೆ ಹೆಂಚಿನ ಮೇಲೆ ಸುರಿಯುತ್ತಿದ್ದಾಗ ಬಾರಿಸಲು ಹೋಗಬಾರದು, ನನಗೇ ಕೇಳುವುದಿಲ್ಲ. ಮಳೆ ಸ್ವಲ್ಪ ಹೊಳವಾಗಿ, ಹೆಂಚಿನ ತುದಿಯಿಂದ ಹನಿ ಮಾತ್ರ ಬೀಳುತ್ತಿರುತ್ತದಲ್ಲ, ಆಗ. ಹನಿಯದ್ದೇ ತಾಳ.

ಒಂದು ತೊಂದರೆ ಶುರುವಾಗಿದೆ. ಈಗ ಯಾವ ಹಾಡು ಕೇಳಿದರೂ ‘ಇಲ್ಲಿ ನಡುಗುತ್ತಿರುವುದು ಏನು’ ಅಂತಲೇ ಮನಸ್ಸು ಹೋಗುತ್ತದೆ. ಮೊನ್ನೆ ಒಂದು ಮದುವೆಗೆ ಹೋಗಿದ್ದೆವು. ವಾಲಗ ಶುರುವಾಗಿ ಎಲ್ಲರೂ ಕುಣಿಯುತ್ತಿದ್ದಾರೆ, ನಾನು ಊದುವವರ ಕೆನ್ನೆಯನ್ನೇ ನೋಡುತ್ತಾ ನಿಂತಿದ್ದೆ. ನಿನ್ನ ಚಿಕ್ಕಮ್ಮ ಕೈ ಹಿಡಿದು ಎಳೆದ ಮೇಲೆ ಕುಣಿದದ್ದು. ನಿಮ್ಮ ಮನೆಯ ದುಡಿ ನೋಡಿ ಎರಡು ತೆಂಗಿನ ಕರಟ ಬೆನ್ನಿಗೆ ಬೆನ್ನು ಅಂಟಿಸಿ, ಬಲೂನ್ ಎಳೆದು ಕಟ್ಟಿ ಒಂದು ಮಾಡಿದ್ದೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಯಿ ಎದ್ದು ಹೋಯಿತು.

ಅಮ್ಮ ‘ಓದೋದು ಬಿಟ್ಟು ಕೊಡೆ ಕಡ್ಡಿ ಕುಟ್ಕೊಂಡು ಕೂತಿದ್ದಾನೆ’ ಅಂತ ಬಂದವರಿಗೆಲ್ಲ ಹೇಳುತ್ತಾರೆ. ಹೇಳಿ, ಒಳಗಿಂದ ಅದನ್ನೇ ತಂದು ತೋರಿಸುತ್ತಾರೆ. ಯಾರು ಅರ್ಥ ಮಾಡಿಕೊಳ್ಳಬೇಕೋ ಅವರು ಮಾಡಿಕೊಳ್ಳಲಿ. ಆಗಸ್ಟ್ 3ಕ್ಕೆ ನಿಮ್ಮ ಮನೆಯಿಂದ ಮದ್ದು ಸೊಪ್ಪಿನ ಪಾಯಸ ಬಂತು. ನಿನ್ನ ಪಾಲನ್ನೂ ನಾನೇ ತಿಂದೆ. ಅದನ್ನು ತಿಂದರೆ ಮೂತ್ರ ಕೆಂಪಾಗುತ್ತದಲ್ಲ, ಮಾರನೇ ದಿನ ಬೆಳಗ್ಗೆ ಆ ಕೆಂಪು ನೋಡಿ ತಂಗಿ ಈ ವರ್ಷವೂ ಹೆದರಿ ಕಿರುಚಿದಳು.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ನನ್ನ ವಾದ್ಯದಲ್ಲಿ ಮೇಲಿನ ಗ ಇಲ್ಲ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಕೋಲಾಟದ ಧಾಟಿಯೊಂದನ್ನು ಕೂಡಿಸುತ್ತಿದ್ದೇನೆ, ಸರಿಯಾಗಿ ಅದು ಏರುವ ಜಾಗದಲ್ಲೇ ನಾಲಗೆ ಮುಗಿದು ಹೋಗುತ್ತದೆ. ಸದ್ಯಕ್ಕೆ ಅಲ್ಲಿಗೆ ಬಂದಾಗ ಬಾಯಲ್ಲಿ ಹಾಡಿ ಇಳಿಯುತ್ತೇನೆ. ತಂಗಿ ಆ ಒಂದು ಸ್ವರಕ್ಕೇ ಕಾದು ಕೂತು ನಗುತ್ತಾಳೆ. ನಿಮ್ಮ ಅಟ್ಟದ ಮೇಲೆ, ಭತ್ತದ ಪತ್ತಾಯದ ಹಿಂದೆ, ನಿಮ್ಮಜ್ಜನ ಉದ್ದ ಕಪ್ಪು ಕೊಡೆ ಒಂದಿತ್ತು. ಬಟ್ಟೆ ಪೂರ್ತಿ ಹರಿದದ್ದು, ಹಿಡಿ ಬೆತ್ತದ್ದು. ನಾವು ಅದನ್ನು ಕೋವಿ ಮಾಡಿಕೊಂಡು ಆಡುತ್ತಿದ್ದೆವಲ್ಲ, ಅದು. ನಾನೇ ಹೋಗಿ ಕೇಳಬಹುದು, ಆದರೆ ನಿಮ್ಮ ಅಜ್ಜಿ ಹತ್ತಿರ ಅಜ್ಜನ ವಸ್ತು ಕೇಳಲು ನನಗೆ ಬಾಯಿ ಬರುವುದಿಲ್ಲ. ನೀನಾದರೆ ಮೊಮ್ಮಗ. ಇಡೀ ಕೊಡೆ ಬೇಡ, ಒಂದೇ ಒಂದು ಕಡ್ಡಿ ಸಾಕು ಅನ್ನು. ಬೇಕಾದರೆ ಕೊಡೆಗೆ ಹೊಸ ಬಟ್ಟೆ ಹಾಕಿಸಿ ಕೊಡುತ್ತೇನೆ, ಸಂತೆಯ ಅಣ್ಣ ಈಗ ನನಗೆ ದೋಸ್ತ್.

ಹುತ್ತರಿಗೆ ಬರುತ್ತೀಯಲ್ಲ? ಹೋದ ವರ್ಷ ಕದಿರು ತೆಗೆಯುವಾಗ ‘ಪೊಲಿ ಪೊಲಿ ದೇವಾ’ ಕೂಗಲು ನಿನ್ನ ಗಂಟಲು ಒಡೆದಿತ್ತು, ಈ ವರ್ಷ ಸರಿಹೋಗಿರಬೇಕು. ರಾತ್ರಿ ತಂಬಿಟ್ಟು ತಿಂದಾದ ಮೇಲೆ ನಮ್ಮ ಜಗಲಿಗೆ ಬಾ. ಬರುವಾಗ ಮೈಸೂರಲ್ಲಿ ಸಣ್ಣ ತಲೆಯ ಸ್ಕ್ರೂ ಸಿಕ್ಕಿದರೆ ಹತ್ತು ತಾ, ಇಲ್ಲಿ ಸಿಗುವುದೆಲ್ಲ ಬಾಗಿಲಿಗೆ ಹಾಕುವ ದಪ್ಪದ್ದು. ದುಡ್ಡು ಆಮೇಲೆ ಕೊಡುತ್ತೇನೆ. ಅಥವಾ ಕೊಡುವುದಿಲ್ಲ, ಪಾಯಸದ ಲೆಕ್ಕಕ್ಕೆ ಹಾಕಿಕೋ.

ಇಂತಿ,
ಉಗುರು ನೇರಳೆಯಾದ ನಿನ್ನ ಗೆಳೆಯ

ಮರೆತಿದ್ದೆ: ಗಿಟಾರಿನ ತಂತಿ ಎಸೆದಿಲ್ಲ. ದಪ್ಪದವು ಎರಡು ಚೆನ್ನಾಗಿವೆ. ನಿಮ್ಮ ಮನೆಯಲ್ಲಿ ಎಣ್ಣೆಯ ಹಳೇ ಟಿನ್ ಇದೆಯಾ?