ಕುಡಿದ ಮರುಬೆಳಗ್ಗೆ ಹುಣಸೆ ನೀರು ಬೇಡ, ಅಳತೆಯ ಉಪ್ಪು-ಸಕ್ಕರೆ ನೀರು ಕೊಡಿ

ಮಾನ್ಯರೇ,

ಹೊಸತೊಡಕು, ಊರಹಬ್ಬ, ಬೀಗರೂಟ ಕಳೆದ ಮರುಬೆಳಗ್ಗೆ ನಮ್ಮ ಮಂಡ್ಯ-ಮೈಸೂರು ಕಡೆ ಸಲಹೆಗಳಿಗೆ ಬರವಿಲ್ಲ. ಹುಣಸೆ ನೀರು ಕುಡಿಸಿ, ನಿಂಬೆಹಣ್ಣು ನೆತ್ತಿಗೆ ತಿಕ್ಕಿ, ಹುಳಿ ಮಜ್ಜಿಗೆ ಹೊಯ್ಯಿರಿ, ಅದೂ ಆಗದಿದ್ದರೆ ಇನ್ನೊಂದು ನೈಂಟಿ (90 ಮಿ.ಲೀ. ಮದ್ಯ) ಹಾಕಿಸಿ, ತಲೆ ತಾನಾಗಿ ಬಿಡುತ್ತದೆ ಎನ್ನುವವರು ಮನೆಗೊಬ್ಬರು ಇದ್ದೇ ಇರುತ್ತಾರೆ. ಪತ್ರಿಕೆಗಳ ಮನೆಮದ್ದು ಅಂಕಣಗಳೂ ‘ಎಳನೀರು ಕುಡಿಯಿರಿ, ಶುಂಠಿ ಕಷಾಯ ಸೇವಿಸಿ’ ಎಂದು ಮುಗಿಸಿಬಿಡುತ್ತವೆ. ಎಷ್ಟು, ಹೇಗೆ, ಯಾರಿಗೆ ಕೂಡದು ಎಂಬುದು ಅಲ್ಲಿರುವುದಿಲ್ಲ. ಅದಕ್ಕಾಗಿ ಈ ಪತ್ರ.

ರಕ್ತ ಸೇರಿದ ಮದ್ಯವನ್ನು ಬೇಗ ಹೊರಹಾಕುವ ಮದ್ದು ಅಡುಗೆಮನೆಯಲ್ಲೂ ಇಲ್ಲ, ಔಷಧದ ಅಂಗಡಿಯಲ್ಲೂ ಇಲ್ಲ. ಅಲ್ಲಿಯವರೆಗಿನ ಪ್ರಯೋಗಗಳನ್ನು ಪರಿಶೀಲಿಸಿ 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಲೇಖನ ಕೂಡ, ಹ್ಯಾಂಗೋವರ್ (ಕುಡಿದ ಮರುದಿನದ ತಲೆನೋವು, ಸುಸ್ತು) ತಡೆಯುತ್ತದೆ ಅಥವಾ ವಾಸಿ ಮಾಡುತ್ತದೆ ಎನ್ನಲು ಯಾವುದಕ್ಕೂ ಗಟ್ಟಿ ಪುರಾವೆ ಇಲ್ಲ ಎಂದೇ ಹೇಳಿತ್ತು. ಪಿತ್ತಜನಕಾಂಗ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನಷ್ಟೇ ಕರಗಿಸಬಲ್ಲದು. ನಮ್ಮಲ್ಲಿ ಸಿಗುವ 42.8 ಶೇಕಡಾದ ವಿಸ್ಕಿ, ಬ್ರಾಂದಿಯ 30 ಮಿ.ಲೀ.ನಲ್ಲಿ ಇರುವುದೇ 10 ಗ್ರಾಂ. ಲೆಕ್ಕ ಹಾಕಿ: ಒಂದು ಕ್ವಾರ್ಟರ್ (180 ಮಿ.ಲೀ.) ಎಂದರೆ 60 ಗ್ರಾಂ, ಆರರಿಂದ ಒಂಬತ್ತು ಗಂಟೆಯ ಕೆಲಸ. ‘ಬರೀ ಬಿಯರ್ ಅಷ್ಟೇ’ ಎನ್ನುವವರಿಗೂ ಒಂದು ಮಾತು. ಎಂಟು ಶೇಕಡಾದ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ 40 ಗ್ರಾಂ ದಾಟುತ್ತದೆ, ಅಂದರೆ 30 ಮಿ.ಲೀ.ನ ನಾಲ್ಕು ಪೆಗ್.

ಹಾಗಾದರೆ ಮನೆಮದ್ದು ಏನು ಮಾಡುತ್ತದೆ? ಕಳೆದುಹೋದದ್ದನ್ನು ತುಂಬಿಕೊಡುತ್ತದೆ, ಅಷ್ಟೇ. ಮೂತ್ರವನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಮದ್ಯ ತಗ್ಗಿಸುತ್ತದೆ. ಹೀಗಾಗಿ ಕುಡಿದದ್ದಕ್ಕಿಂತ ಹೆಚ್ಚು ನೀರು ಹೊರಗೆ ಹೋಗಿ ಬಾಯಿ ಒಣಗುತ್ತದೆ, ತಲೆ ಸಿಡಿಯುತ್ತದೆ. ಪಿತ್ತಜನಕಾಂಗ ಹೊಸದಾಗಿ ಸಕ್ಕರೆ ತಯಾರಿಸುವುದನ್ನೂ ಅದು ತಡೆಯುವುದರಿಂದ, ರಾತ್ರಿ ಸರಿಯಾಗಿ ಉಣ್ಣದವರಿಗೆ ಬೆಳಗ್ಗೆ ಕೈಕಾಲು ಬಿದ್ದುಹೋದಂತಾಗುತ್ತದೆ. ಜಠರದ ಒಳಪದರ ಕೆಂಡವಾಗಿರುತ್ತದೆ. ನಿದ್ದೆಯಂತೂ ಅರೆಬರೆ.

ಮೊದಲು ನೀರು ಮತ್ತು ಉಪ್ಪು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ಗೋಪುರವಾಗಿರಬಾರದು, ಬೆರಳಿನಿಂದ ಸವರಿ ಮಟ್ಟ ಮಾಡಿರಬೇಕು. ಬೆಲ್ಲವಾದರೆ ಜಜ್ಜಿದ 25ರಿಂದ 30 ಗ್ರಾಂ ಹಾಕಿ, ಕರಗಿಸಿ, ಸೋಸಿ. ಉಪ್ಪು ಹೆಚ್ಚಾದರೆ ದಾಹ ಇನ್ನೂ ಕೆರಳುತ್ತದೆ, ಸಕ್ಕರೆ ಹೆಚ್ಚಾದರೆ ಭೇದಿಯಾಗುತ್ತದೆ. ಅಂಗಡಿಯ ಓಆರ್‌ಎಸ್ ಪುಡಿ (ಇದೇ ಬಗೆಯ ಸಿದ್ಧ ಉಪ್ಪು-ಸಕ್ಕರೆ ಮಿಶ್ರಣ) ತಂದವರು ಸಾಮಾನ್ಯವಾಗಿ ಎಡವುವುದೂ ಇಲ್ಲೇ: ಲೀಟರ್ ನೀರಿಗೆಂದು ಇರುವ ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು ಕಲಕಿಬಿಡುತ್ತಾರೆ. ಹಣ್ಣಿನ ರುಚಿಯ ಸಿಹಿ ಪಾನೀಯಗಳನ್ನು ಇದರ ಜಾಗಕ್ಕೆ ತರಬೇಡಿ.

ಕುಡಿಯುವ ಬಗೆಯೂ ಮುಖ್ಯ. ಗಟಗಟನೆ ಎರಡು ಲೋಟ ಇಳಿಸಿದರೆ ಉಬ್ಬಿದ ಜಠರ ಅಷ್ಟನ್ನೂ ವಾಪಸ್ ಕಳಿಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕಾಲು ಲೋಟ ಸಾಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಮತ್ತೆ ಒಂದೊಂದೇ ಗುಟುಕಿನಿಂದ ಶುರು ಮಾಡಿ. ಮೂತ್ರದ ಬಣ್ಣ ತಿಳಿಯಾದರೆ ನೀರು ಸೇರಿದೆ ಎಂದು ಲೆಕ್ಕ.

ಮದ್ದೂರಿನ ಎಳನೀರು ಮಾರುಕಟ್ಟೆಯೇ ಪಕ್ಕದಲ್ಲಿರುವ ನಮಗೆ ಎಳನೀರು ಸುಲಭ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಆದ್ದರಿಂದ ಒಂದು ಎಳನೀರಿಗೆ ಎರಡು ಬೆರಳಿನ ಚಿಟಿಕೆ ಉಪ್ಪು ಸೇರಿಸುವುದು ಒಳ್ಳೆಯದು. ದಿನಕ್ಕೆ ಎರಡು ಸಾಕು. ಮೂತ್ರಪಿಂಡದ ತೊಂದರೆ ಇರುವವರು, ಪೊಟ್ಯಾಸಿಯಂ ಏರಿಸುವ ಬಿ.ಪಿ. ಅಥವಾ ಹೃದಯದ ಮಾತ್ರೆ ತಿನ್ನುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಹೊಟ್ಟೆ ತೊಳಸುವುದಕ್ಕೆ ಶುಂಠಿ ನಿಜಕ್ಕೂ ಕೆಲಸಕ್ಕೆ ಬರುವ ವಸ್ತು. ಹೆಬ್ಬೆರಳ ತುದಿಗೆಣ್ಣಿನಷ್ಟು ಹಸಿಶುಂಠಿ ಜಜ್ಜಿ, ಒಂದೂವರೆ ಲೋಟ ನೀರಿಗೆ ಹಾಕಿ, ಒಂದು ಲೋಟಕ್ಕೆ ಇಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ, ಸ್ವಲ್ಪ ಬೆಲ್ಲ ಹಾಕಿ ಉಗುರುಬೆಚ್ಚಗೆ ಗುಟುಕರಿಸಿ. ಅದಕ್ಕೆ ಮೆಣಸು, ಲವಂಗ, ಬೆಳ್ಳುಳ್ಳಿ ಎಲ್ಲ ಸೇರಿಸಿ ಖಾರ ಮಾಡಿದರೆ ಎದೆಯುರಿ ಖಚಿತ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಶುಂಠಿಯನ್ನು ಹೀಗೆ ಮದ್ದಾಗಿ ಕುಡಿಯದಿರುವುದೇ ಲೇಸು.

ತೊಳಸು ನಿಂತ ಮೇಲೆ ಆಹಾರ. ರಾಗಿ ಅಂಬಲಿಗೆ ಸಮನಾದದ್ದು ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ: ನೀರು, ಪಿಷ್ಟ, ಉಪ್ಪು ಮೂರೂ ಒಂದೇ ಲೋಟದಲ್ಲಿ. ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕದಡಿ, ಕುದಿಯುವ ಎರಡು ಲೋಟ ನೀರಿಗೆ ಸಣ್ಣಗೆ ಹೊಯ್ಯುತ್ತಾ ಕೈಬಿಡದೆ ತಿರುವಿ. ಒಣ ಹಿಟ್ಟನ್ನೇ ಬಿಸಿನೀರಿಗೆ ಸುರಿದರೆ ಗಂಟುಕಟ್ಟುತ್ತದೆ, ಗಂಟಿನೊಳಗೆ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಐದಾರು ನಿಮಿಷ ಬೆಂದು ಆರಿದ ಮೇಲೆ ಒಂದು ಲೋಟ ನೀರು ಮಜ್ಜಿಗೆ, ಕಾಲು ಚಮಚ ಉಪ್ಪು. ಮಜ್ಜಿಗೆ ಅದೇ ದಿನದ್ದಿರಲಿ, ಹುಳಿ ಬಂದದ್ದು ಬೇಡ. ಹಸಿಮೆಣಸಿನಕಾಯಿಯನ್ನು ನಾಳೆಗೆ ಇಟ್ಟುಕೊಳ್ಳಿ. ಅಂಬಲಿ ಒಗ್ಗದವರಿಗೆ ಇಡ್ಲಿ, ಏಲಕ್ಕಿ ಬಾಳೆಹಣ್ಣು ಆಗುತ್ತದೆ. ಕಾಲು ಸೂಪಿನ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದರ ಉಪ್ಪುನೀರು ಒಳ್ಳೆಯದೇ, ಮೇಲೆ ತೇಲುವ ಜಿಡ್ಡು ಮತ್ತು ಮೆಣಸಿನ ಪುಡಿ ಒಳ್ಳೆಯದಲ್ಲ. ಮಧ್ಯಾಹ್ನದ ಮೇಲೆ ಕುಡಿಯಲಿ.

ಈಗ ಕೂಡದ ಮದ್ದುಗಳು. ಹುಣಸೆ ನೀರು, ಉಪ್ಪು ನೀರು ಕುಡಿಸಿ ಗಂಟಲಿಗೆ ಬೆರಳಿಟ್ಟು ವಾಂತಿ ಮಾಡಿಸುವುದು ಇವುಗಳಲ್ಲಿ ಅತ್ಯಂತ ಅಪಾಯಕಾರಿ. ಬೆಳಗಾಗುವ ಹೊತ್ತಿಗೆ ಜಠರದಲ್ಲಿ ಮದ್ಯ ಉಳಿದಿರುವುದಿಲ್ಲ, ಆಗಲೇ ರಕ್ತ ಸೇರಿರುತ್ತದೆ. ಅಮಲಿನಲ್ಲಿರುವವನಿಗೆ ವಾಂತಿ ಶ್ವಾಸನಾಳಕ್ಕೆ ಇಳಿದರೆ ಉಸಿರೇ ಕಟ್ಟುತ್ತದೆ. ಗಟ್ಟಿ ಉಪ್ಪು ನೀರು ರಕ್ತದ ಸೋಡಿಯಂ ಏರಿಸಿ ಫಿಟ್ಸ್ ಬರಿಸಬಲ್ಲದು. ನೆತ್ತಿಗೆ ನಿಂಬೆ ತಿಕ್ಕುವುದರಿಂದ ಕೂದಲಿಗೆ ಏನಾದರೂ ಆದೀತು, ಅಮಲಿಗಲ್ಲ. ಕಾಫಿಯಿಂದ ಕಣ್ಣು ಬಿಡುತ್ತದೆ, ಅಮಲು ಇಳಿಯುವುದಿಲ್ಲ. ಅಭ್ಯಾಸವಿದ್ದವರು ಅರ್ಧ ಲೋಟಕ್ಕೆ ನಿಲ್ಲಿಸಲಿ.

ಮಾತ್ರೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ಬೆಳಗ್ಗೆ ತಲೆ ನೋಯದಿರಲಿ’ ಎಂದು ಕುಡಿದು ಮಲಗುವ ಮುಂಚೆಯೇ ಪ್ಯಾರಸಿಟಮಾಲ್ ನುಂಗುವ ರೂಢಿ ಹಲವರಿಗಿದೆ. ದಿನವೂ ಕುಡಿಯುವವರ ಪಿತ್ತಜನಕಾಂಗ ಆ ಮಾತ್ರೆಯ ಹೆಚ್ಚು ಪಾಲನ್ನು ವಿಷವಾಗಿಸುತ್ತದೆ, ಆ ವಿಷ ತೊಡೆಯುವ ಗ್ಲುಟಾಥಯೋನ್ ಅವರಲ್ಲಿ ಮೊದಲೇ ಕಡಿಮೆ. ಐಬುಪ್ರೊಫೆನ್, ಆಸ್ಪಿರಿನ್ ಖಾಲಿ ಹೊಟ್ಟೆಗೆ ಬಿದ್ದರೆ ಹುಣ್ಣಾಗಿ ರಕ್ತ ಒಸರಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಬೆವರಿ ತೊದಲಿದರೆ ಅಮಲೆಂದು ಬಿಡಬೇಡಿ. ಸಕ್ಕರೆ ಇಳಿದಿರಬಹುದು. ಕೂಡಲೇ ಪರೀಕ್ಷಿಸಿ.

ಇನ್ನೊಂದು ನೈಂಟಿ ಹಾಕುವುದು ತಲೆನೋವನ್ನು ಮಧ್ಯಾಹ್ನಕ್ಕೆ ಮುಂದೂಡುತ್ತದೆ, ಅಷ್ಟೇ. ಬೆಳಗ್ಗೆ ಕೈ ನಡುಗಿ, ಕುಡಿದ ಮೇಲೆ ನಡುಕ ನಿಲ್ಲುವುದಾದರೆ ಅದು ಹ್ಯಾಂಗೋವರ್ ಅಲ್ಲ, ಚಟ. ಅಂಥವರನ್ನು ಮನೆಯವರು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬಾರದು. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರುವ ಸಂಭವವಿದೆ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ವಾಂತಿಯಲ್ಲಿ ರಕ್ತ ಬಂದರೆ, ಬಿದ್ದು ತಲೆಗೆ ಪೆಟ್ಟಾಗಿದ್ದರೆ ಮನೆಮದ್ದಿನ ಮಾತೇ ಬೇಡ. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಕುಡಿದ ಮರುದಿನ ಕಣ್ಣು ಮಂಜಾದರೆ ಕುಡಿದದ್ದರಲ್ಲಿ ಮೆಥನಾಲ್ ಎಂಬ ವಿಷ ಇತ್ತೆಂದು ಶಂಕಿಸಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. 2008ರ ಮೇ ತಿಂಗಳಲ್ಲಿ ಕೋಲಾರ, ಆನೇಕಲ್, ಕೃಷ್ಣಗಿರಿ ಕಡೆ ನೂರಕ್ಕೂ ಹೆಚ್ಚು ಜನ ಸತ್ತದ್ದು ಇಂಥ ಕಳ್ಳಬಟ್ಟಿಯಿಂದಲೇ.

ಮುಂಜಾಗ್ರತೆಯ ಮಾತು ಚಿಕ್ಕದು. ನಮ್ಮ ಬೀಗರೂಟಗಳಲ್ಲಿ ಲೋಟ ಹಿಡಿಯುವುದು ಹನ್ನೊಂದಕ್ಕೆ, ಎಲೆ ಹಾಕುವುದು ಮೂರಕ್ಕೆ. ಈ ಕ್ರಮ ತಿರುಗಿದರೆ ಅರ್ಧ ತೊಂದರೆ ತಪ್ಪುತ್ತದೆ.

ಕೊನೆಯದಾಗಿ, ಬೆಳಗ್ಗೆ ಗಾಡಿ ತೆಗೆಯುವವರ ಗಮನಕ್ಕೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಮದ್ಯಸಾರ. 60 ಕಿಲೋ ತೂಕದ ಗಂಡಸು ರಾತ್ರಿ ಒಂಬತ್ತರಿಂದ ಒಂದು ಕ್ವಾರ್ಟರ್, ಒಂದು ಸ್ಟ್ರಾಂಗ್ ಬಿಯರ್ ಮುಗಿಸಿದ್ದರೆ ಬೆಳಗ್ಗೆ ಆರಕ್ಕೂ ಅಂದಾಜು 70ರಿಂದ 110 ಮಿ.ಗ್ರಾಂ ಉಳಿದಿರುತ್ತದೆ. ಎಳನೀರು, ಅಂಬಲಿಯಿಂದ ತಲೆನೋವು ಹಗುರಾಗಿ ‘ಈಗ ಸರಿಯಾದೆ’ ಅನ್ನಿಸಬಹುದು, ಆ ಅಂಕಿ ಮಾತ್ರ ಇಳಿಯುವುದಿಲ್ಲ. ಹಾಲಿನ ವ್ಯಾನು, ಶಾಲೆಯ ಆಟೊ, ಕಬ್ಬಿನ ಲಾರಿ ಓಡಿಸುವವರು ಅಂದು ಮಧ್ಯಾಹ್ನದವರೆಗೆ ಸ್ಟೀರಿಂಗ್ ಬೇರೆಯವರಿಗೆ ಕೊಡಲಿ. ಮುಂದಿನ ಮನೆಮದ್ದು ಅಂಕಣದಲ್ಲಿ ಈ ಅಳತೆಗಳನ್ನೂ 108ರ ಸಂಖ್ಯೆಯನ್ನೂ ಸೇರಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಫಾರ್ಮಸಿಸ್ಟ್, ಮಂಡ್ಯ